ಎರಡು ಚಿತ್ರಗಳ ನಡುವಿನ ತೆರಪು

ನಾಟಕ ನೋಡಿ ಬಂದವನು ನಟನ ಹೆಸರನ್ನು ಹೇಳುತ್ತಾನೆ. ಕಚೇರಿ ಕೇಳಿ ಬಂದವನು ಗಾಯಕನ ಹೆಸರನ್ನು ಹೇಳುತ್ತಾನೆ. ಬೇಕಾದರೆ ಪಕ್ಕವಾದ್ಯದವರ ಹೆಸರನ್ನೂ ಹೇಳಿಯಾನು. ಆದರೆ ಒಂದೆರಡು ನಿಮಿಷದ ಆನಿಮೇಷನ್ ಚಿತ್ರವೊಂದನ್ನು ನೋಡಿ ಮನಸಾರೆ ನಕ್ಕವನನ್ನು, ಇಲ್ಲವೆ ಮೆಲ್ಲಗೆ ಕಣ್ಣೊರಸಿಕೊಂಡವನನ್ನು, "ಇದನ್ನು ಬರೆದವರಾರು?" ಎಂದು ಕೇಳಿ ನೋಡಿ. ಅವನಿಗೆ ಉತ್ತರ ಗೊತ್ತಿರುವುದಿಲ್ಲ ಎಂಬುದು ದೊಡ್ಡ ಮಾತಲ್ಲ. ಹಾಗೊಂದು ಪ್ರಶ್ನೆ ಇದೆಯೆಂಬುದೇ ಅವನಿಗೆ ಹೊಳೆದಿರುವುದಿಲ್ಲ. ಎಲ್ಲರೂ ನೋಡುವ, ಯಾರೂ ವಿಚಾರಿಸದ ಕಲೆ ಇದು. ಮಕ್ಕಳ ಆಟವೆಂದು ಕೆಲವರು, ಜಾಹೀರಾತಿನ ಚಮತ್ಕಾರವೆಂದು ಕೆಲವರು ಇದನ್ನು ಬದಿಗಿಡುತ್ತಾರೆ.

ಈ ಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ಯಾರಿಸಿನಿಂದಲೋ ಹಾಲಿವುಡ್ಡಿನಿಂದಲೋ ಹೊರಡುವುದು ವಾಡಿಕೆ. ನಾನು ಯಾದಗಿರಿ, ಶಹಾಪುರ, ಸುರಪುರಗಳಿಂದ ಹೊರಡಬೇಕೆಂದಿದ್ದೇನೆ. ಆನಿಮೇಷನ್ ಎಂಬುದು ಭೀಮಾ ಕೃಷ್ಣೆಯರ ನಡುವೆ ಹುಟ್ಟಿತೆಂದು ವಾದಿಸುವ ಹುಮ್ಮಸ್ಸು ನನಗಿಲ್ಲ. ಆದರೆ ಚಲಿಸುವ ಚಿತ್ರವನ್ನು ನೋಡುವ ಬಗೆ ಯಾವುದು ಎಂಬುದನ್ನು ಕಲಿಯಲು ಆ ಸೀಮೆಯಲ್ಲಿ ಇರುವಷ್ಟು ಸಾಮಗ್ರಿ ಬೇರೆ ಕಡೆ ಒಟ್ಟಿಗೆ ಸಿಕ್ಕುವುದು ಅಪರೂಪ. ಅಲ್ಲದೆ, ನಮ್ಮ ದೇಶದ ದೂರದರ್ಶನದ ಚರಿತ್ರೆಯಲ್ಲಿ ಆ ಸೀಮೆಗೆ ಒಂದು ಹಿರಿಯ ಸ್ಥಾನವಿದೆ. ಅದನ್ನು ರಾಜಧಾನಿಯಲ್ಲಿರುವ ನಾವು ಮರೆತೇ ಬಿಟ್ಟಿದ್ದೇವೆ.

ಶಹಾಪುರದ ಬೆಟ್ಟಸಾಲನ್ನು ಬಲ್ಲವರಿಗೆ 'ಮಲಗಿದ ಬುದ್ಧ' ಹೊಸತಲ್ಲ. ಊರಿನ ಬಳಿಯ ನಾಲ್ಕು ಬೆಟ್ಟಗಳು ದೂರದಿಂದ ನೋಡುವವರಿಗೆ ಅಂಗಾತ ಮಲಗಿದ ಒಂದು ಭವ್ಯ ಆಕೃತಿಯಾಗಿ ಕಾಣುತ್ತವೆ. ಇಲ್ಲಿ ವಿಶೇಷವೆಂದರೆ, ಆ ಆಕೃತಿ ಯಾವ ಬೆಟ್ಟದಲ್ಲಿಯೂ ಇಲ್ಲ. ಬಸ್ಸು ಸಾಗುತ್ತಿದ್ದಂತೆ ಹಿಂದಿನ ಗುಡ್ಡ ಮುಂದಿನದರ ಪಕ್ಕಕ್ಕೆ ಸರಿಯುತ್ತದೆ. ಒಂದರ ಇಳಿಜಾರು ಇನ್ನೊಂದರ ನೆತ್ತಿಗೆ ಹೊಂದಿಕೊಳ್ಳುತ್ತದೆ. ಒಂದು ಘಳಿಗೆ ಮುಖವೂ ಎದೆಯೂ ಕೂಡಿ ಬರುತ್ತವೆ. ಇನ್ನಷ್ಟು ದೂರ ಹೋದರೆ ರೂಪ ಕದಡಿ ಬರಿಯ ಕಲ್ಲುಗುಡ್ಡಗಳು ಉಳಿಯುತ್ತವೆ. ಬೆಟ್ಟ ಚಲಿಸಲಿಲ್ಲ, ನಾವು ಚಲಿಸಿದೆವು. ಬುದ್ಧನನ್ನು ಕಟ್ಟಿದವರು ಬೆಟ್ಟಗಳೂ ನಮ್ಮ ಕಣ್ಣೂ ಸರಿಪಾಲಿನಲ್ಲಿ.

ಅದೇ ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ಬೃಹತ್ ಶಿಲಾಯುಗದ ಕಾಲದ ಗುಂಡುಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಆ ಸೀಮೆಯ ಇಂಥ ಶಿಲಾವಶೇಷಗಳನ್ನು ಕುರಿತು 1850ರ ದಶಕದಲ್ಲಿಯೇ ವಿವರವಾಗಿ ಬರೆದ. ಇಂಥ ಸಾಲುಗಳ ನಡುವೆ ನಿಂತು ನೋಡಿದರೆ ಅಡ್ಡಾದಿಡ್ಡಿ ಕಲ್ಲುಗಳು; ನಾಲ್ಕು ಹೆಜ್ಜೆ ನಡೆದರೆ ಅವು ಒಮ್ಮೆಲೆ ಓರಣವಾಗಿ ಒಂದು ಗೆರೆಗೆ ಬರುತ್ತವೆ; ಇನ್ನೆರಡು ಹೆಜ್ಜೆಗೆ ಆ ಗೆರೆ ಮುರಿದು ಬೇರೊಂದು ಓರೆಯ ಸಾಲು ತೆರೆದುಕೊಳ್ಳುತ್ತದೆ. ಉತ್ತ ಹೊಲದ ಪಕ್ಕದಲ್ಲಿ ರೈಲಿನಲ್ಲಿ ಹೋಗುವಾಗ ಸಾಲುಗಳು ಬೀಸಣಿಗೆಯಂತೆ ಬಿಚ್ಚಿ ಮುಚ್ಚುವುದನ್ನು ಯಾರು ಕಂಡಿಲ್ಲ?

ಮೂರನೆಯ ನಿದರ್ಶನಕ್ಕೆ ಭೀಮಾ ದಂಡೆಗೆ ಹೋಗಬೇಕು. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ನಡೆಸಿದ ಉತ್ಖನನದಿಂದ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ಅಶೋಕನ ಶಿಲ್ಪವೂ ಅದರ ಕೆಳಗೆ ಅವನ ಹೆಸರೂ ಕೆತ್ತಿದ ಫಲಕ ದೊರೆತದ್ದರಿಂದ ಆ ಸ್ಥಳ ಪ್ರಸಿದ್ಧವಾಯಿತು. ನನ್ನ ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಅಲ್ಲಿಯ ಇತರ ಫಲಕಗಳು. ಸ್ತೂಪದ ಸುತ್ತ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಬುದ್ಧನ ಜೀವನದ ಪ್ರಸಂಗಗಳನ್ನೂ ಜಾತಕ ಕಥೆಗಳನ್ನೂ ಕೆತ್ತಿದ್ದಾರೆ. ಪ್ರದಕ್ಷಿಣೆ ಬರುವ ಭಕ್ತನ ಕಣ್ಣಮುಂದೆ ಕಥೆ ಒಂದಾದ ಮೇಲೊಂದರಂತೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಬೌದ್ಧ ಶಿಲ್ಪಗಳಲ್ಲಿ ಒಂದೇ ಚೌಕಟ್ಟಿನೊಳಗೆ ಒಬ್ಬನೇ ವ್ಯಕ್ತಿಯನ್ನು ಎರಡು ಮೂರು ಸಲ ತೋರಿಸುವ ಸಂಪ್ರದಾಯವುಂಟು. ಇಲ್ಲಿ ಹೊರಟ, ಅಲ್ಲಿ ತಲುಪಿದ, ಮೂಲೆಯಲ್ಲಿ ಕುಳಿತ. ನಡುವೆ ನಡೆದದ್ದನ್ನು ಶಿಲ್ಪಿ ಕೆತ್ತುವುದಿಲ್ಲ. ಅದನ್ನು ತುಂಬಿಕೊಳ್ಳುವುದು ನೋಡುವವನ ಪಾಲಿನ ಕೆಲಸ.

ಈ ಮೂರು ನಿದರ್ಶನಗಳಿಂದ ನಾನು ಹೇಳಬಯಸುವ ಮಾತು ಒಂದೇ: ಚಲನೆ ಎಂಬುದು ಚಿತ್ರದಲ್ಲಿಲ್ಲ, ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವಿನ ತೆರಪಿನಲ್ಲಿದೆ. ಆ ತೆರಪನ್ನು ತುಂಬುವವನು ಪ್ರೇಕ್ಷಕ. ಆದ್ದರಿಂದ ಈ ಕಲೆಯಲ್ಲಿ ಪ್ರೇಕ್ಷಕನು ಅರ್ಧ ಕರ್ತೃ. ಅವನು ನೋಡಲಾರದೆ ಹೋದರೆ ಕೃತಿ ಅರ್ಧಕ್ಕೇ ನಿಂತುಹೋಗುತ್ತದೆ.

ಇದು ಬರಿಯ ಅಲಂಕಾರದ ಮಾತಲ್ಲ. 1912ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದ. ಕತ್ತಲೆಯಲ್ಲಿ ಒಂದು ಗೆರೆ ಮಿಂಚಿ ಮಾಯವಾಗುತ್ತದೆ. ಕಣ್ಣೆವೆ ಇಕ್ಕುವುದಕ್ಕಿಂತ ಕಡಮೆ ಹೊತ್ತಿನಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಮಿಂಚುತ್ತದೆ. ನೋಡುವವನಿಗೆ ಎರಡು ಗೆರೆಗಳು ಕಾಣುವುದಿಲ್ಲ. ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಹೋದಂತೆ ಕಾಣುತ್ತದೆ. ಇಡೀ ಚಲಚ್ಚಿತ್ರ ನಿಂತಿರುವುದು ಮನಸ್ಸಿನ ಈ ಔದಾರ್ಯದ ಮೇಲೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ತೆರೆಯ ಮೇಲೆ ಬಿದ್ದು ಹೋಗುತ್ತವೆ. ಕೈಯಿಂದ ಬರೆದ ಆನಿಮೇಷನ್ನಿನಲ್ಲಿ ಒಂದೊಂದು ಚಿತ್ರವನ್ನು ಎರಡೆರಡು ಸಲ ಹಿಡಿಯುವ ಪದ್ಧತಿ ಇರುವುದರಿಂದ ಸೆಕೆಂಡಿಗೆ 12 ಚಿತ್ರಗಳಾದರೂ ಬೇಕು. ಒಂದು ನಿಮಿಷಕ್ಕೆ 720. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ತೆಗೆದ 'ಫ್ಯಾಂಟಾಸ್ಮಗೊರಿ' ಎರಡು ನಿಮಿಷಕ್ಕಿಂತ ಚಿಕ್ಕದು. ಅದಕ್ಕೆ ಅವನು ಸುಮಾರು 700 ಚಿತ್ರಗಳನ್ನು ಬರೆದಿದ್ದ. ನಮ್ಮ ದಾದಾಸಾಹೇಬ ಫಾಳ್ಕೆಯವರು 'ರಾಜಾ ಹರಿಶ್ಚಂದ್ರ'ಕ್ಕೆ ಮುಂಚೆ, 1912ರ ಸುಮಾರಿಗೆ, ಕುಂಡದಲ್ಲಿ ಬಟಾಣಿಕಾಳನ್ನು ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನಗಟ್ಟಲೆ ಒಂದೊಂದೇ ಚೌಕಟ್ಟಾಗಿ ಹಿಡಿದು ಕಿರುಚಿತ್ರ ಮಾಡಿದರು. ಕೆಲವು ನಿಮಿಷಗಳಲ್ಲಿ ಗಿಡವೊಂದು ಕಣ್ಣೆದುರು ತಲೆಯೆತ್ತಿದ್ದನ್ನು ಕಂಡ ಮೇಲೆಯೇ ಹಣ ಹಾಕುವವರಿಗೆ ಧೈರ್ಯ ಬಂತಂತೆ. ಭಾರತದ ಚಲಚ್ಚಿತ್ರದ ಬಾಗಿಲನ್ನು ತೆರೆದದ್ದೂ ಇಂಥ ಒಂದು ಪುಟ್ಟ ಚಮತ್ಕಾರವೇ.

ಯಂತ್ರ ಬರುವುದಕ್ಕೆ ಮುಂಚೆ ಚಿತ್ರಗಳನ್ನು ಕೈಯಿಂದ ಚಲಿಸುವಂತೆ ಮಾಡಿದವರು ನಮ್ಮ ತೊಗಲುಗೊಂಬೆಯವರು. ಉತ್ತರ ಕರ್ನಾಟಕದ ಊರೂರು ಅಲೆಯುತ್ತಿದ್ದ ಕಿಳ್ಳೆಕ್ಯಾತರು, ಅಥವಾ ಶಿಳ್ಳೆಕ್ಯಾತರು, ತೊಗಲನ್ನು ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು, ರಂಧ್ರಗಳಿಂದ ಒಡವೆ ಉಡುಪುಗಳನ್ನು ಬಿಡಿಸಿ, ಬಣ್ಣ ಹಚ್ಚಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಭಾರತಗಳನ್ನು ಆಡಿಸಿದರು. ಯಾದಗಿರಿ ಸೀಮೆಯಿಂದ ರಾಯಚೂರನ್ನು ದಾಟಿದರೆ ಸಿಕ್ಕುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಸಂದಿತು. ಸಂತೋಷದ ಸಂಗತಿ. ಆದರೆ ಅವರ ಹಿಂದಿನ ಎಷ್ಟು ತಲೆಮಾರಿನ ಗೊಂಬೆಯಾಟದವರ ಹೆಸರು ನಮಗೆ ಗೊತ್ತು?

ಗೊಂಬೆಯಾಟದಲ್ಲಿ ಗಮನಿಸಬೇಕಾದ ಗುಟ್ಟೊಂದುಂಟು. ದೊಡ್ಡ ದೇವತೆಯ ಗೊಂಬೆ ಬಹುಮಟ್ಟಿಗೆ ಅಲುಗುವುದೇ ಇಲ್ಲ. ರಾಜನಿಗೆ ಒಂದು ಕೈ ಮಾತ್ರ ಆಡುತ್ತದೆ. ಮೈಯೆಲ್ಲ ಕುಣಿಯುವುದು ಹಾಸ್ಯಗಾರ ಕಿಳ್ಳೆಕ್ಯಾತನದು. ಎಲ್ಲವನ್ನೂ ಆಡಿಸುವ ಶಕ್ತಿ ಇದ್ದರೂ ಯಾವುದನ್ನು ಆಡಿಸಬಾರದೆಂಬುದನ್ನು ಬಲ್ಲವನೇ ಕಲಾವಿದ. ಗಾಂಭೀರ್ಯಕ್ಕೆ ನಿಶ್ಚಲತೆ, ನಗೆಗೆ ಚಂಚಲತೆ: ಹೊಸಗಾಲದ ಆನಿಮೇಷನ್ ಶಾಲೆಗಳಲ್ಲಿಯೂ ಕಲಿಸಬೇಕಾದ ಪಾಠ ಇದೇ. ಜರ್ಮನಿಯ ಲೋಟ್ಟೆ ರೈನಿಗರ್ ಎಂಬ ಮಹಿಳೆ ಕಪ್ಪು ರಟ್ಟನ್ನು ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಬಿಗಿದು, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಜಿನ ಮೇಲೆ ಅವುಗಳನ್ನು ಕೂದಲೆಳೆಯಷ್ಟು ಸರಿಸುತ್ತ ಸರಿಸುತ್ತ ಇಡೀ ಅರೇಬಿಯನ್ ಕಥೆಯೊಂದನ್ನು 1926ರಲ್ಲಿ ತೆರೆಗೆ ತಂದಳು. ಡಿಸ್ನಿಯ 'ಸ್ನೋ ವೈಟ್' ಬಂದದ್ದು 1937ರಲ್ಲಿ. ಆಕೆಯ ಕೆಲಸದ ಮೇಜಿಗೂ ಮೋರನಾಳದ ಪರದೆಗೂ ಇರುವ ನಂಟು, ಮೇಜಿಗೂ ಹಾಲಿವುಡ್ಡಿನ ಕಾರ್ಖಾನೆಗೂ ಇರುವ ನಂಟಿಗಿಂತ ಹತ್ತಿರದ್ದು.

ಗೊಂಬೆಯಿಂದ ಕುಂಚಕ್ಕೆ ಬರೋಣ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಕಿರುಚಿತ್ರ ಪರಂಪರೆಯನ್ನು ಮೈಸೂರು, ತಂಜಾವೂರುಗಳ ಹೆಸರು ಹೇಳುವವರು ಬಹಳ ಮಂದಿ ಅರಿಯರು. ಗರುಡಾದ್ರಿ ಮನೆತನದಂಥ ಚಿತ್ರಕಾರರು ದೇವತೆಗಳನ್ನು, ಪುರಾಣ ಪ್ರಸಂಗಗಳನ್ನು, ಅರಸರ ಭಾವಚಿತ್ರಗಳನ್ನು ಸೂಕ್ಷ್ಮ ರೇಖೆಯಲ್ಲಿ ಬರೆದು ಚಿನ್ನದ ಕೆಲಸದಿಂದ ಬೆಳಗಿಸಿದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದು ಮಡಿದ. 1860ರಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. ಆಶ್ರಯ ಹೋದ ಮೇಲೆ ಕಲೆ ಸೊರಗುವುದಕ್ಕೆ ಹೆಚ್ಚು ಕಾಲ ಬೇಕೆ?

ಈ ಚಿತ್ರಗಳು ನಿಶ್ಚಲ. ಆದರೆ ಕಿರುಚಿತ್ರವನ್ನು ನೋಡುವ ಕಣ್ಣು ನಿಶ್ಚಲವಾಗಿರಲಾರದು. ಅಂಗೈಯಗಲದ ಹಾಳೆಯಲ್ಲಿ ಮುಖ್ಯ ಮೂರ್ತಿಯಿಂದ ಪರಿವಾರಕ್ಕೆ, ಪರಿವಾರದಿಂದ ಅಂಚಿನ ಬಳ್ಳಿಗೆ ಕಣ್ಣು ಸುತ್ತುತ್ತದೆ. ಈ ಸುತ್ತಾಟವನ್ನೇ ಕ್ಯಾಮರಾಕ್ಕೆ ಕಲಿಸಿದವರುಂಟು. 1950ರ ದಶಕದ ಕೊನೆಯ ವೇಳೆಗೆ ಜಹಾಂಗೀರ್ ಭಾವನಗರಿಯವರು ಫಿಲ್ಮ್ಸ್ ಡಿವಿಜನ್ನಿನಲ್ಲಿ 'ರಾಧಾ ಅಂಡ್ ಕೃಷ್ಣ' ಎಂಬ ಕಿರುಚಿತ್ರವನ್ನು ಪಹಾಡಿ ಶೈಲಿಯ ವರ್ಣಚಿತ್ರಗಳಿಂದಲೇ ಕಟ್ಟಿದರು. ನಮ್ಮ ಕಾಲದಲ್ಲಿ ನೀನಾ ಸಬ್ನಾನಿಯವರು ಭಿಲ್ ಚಿತ್ರಕಾರರೊಡನೆ ಕೂಡಿ ಮಾಡಿದ 'ಹಮ್ ಚಿತ್ರ್ ಬನಾತೇ ಹೈಂ' 2016ರ ಸಾಲಿನ ಅತ್ಯುತ್ತಮ ಆನಿಮೇಷನ್ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯನ್ನು ಗಳಿಸಿತು. ಭಿಲ್ಲರಿಗೆ ಒದಗಿದ ಭಾಗ್ಯ ಸುರಪುರಕ್ಕೂ ಒದಗಬಾರದೇಕೆ? ಬಂಗಾರದ ರೇಖೆ ಮೆಲ್ಲನೆ ಹೊಳೆದು, ಗರುಡನ ರೆಕ್ಕೆ ಒಂದೇ ಒಂದು ಸಲ ಬಿಚ್ಚಿ ಮುಚ್ಚಿದರೆ ಸಾಕು. ಎರಡು ನಿಮಿಷದಲ್ಲಿ ಆ ಪರಂಪರೆ ಹತ್ತು ಲೇಖನಗಳಿಗಿಂತ ಹೆಚ್ಚು ಜನರನ್ನು ಮುಟ್ಟೀತು.

ಇನ್ನು ನಮ್ಮ ದೇಶದಲ್ಲಿ ಈ ಕಲೆಗೆ ಮನೆ ಕಟ್ಟಿಕೊಟ್ಟವರ ಮಾತು. 1948ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ನಿಗೆ 1956ರಲ್ಲಿ ಒಂದು ಕಾರ್ಟೂನ್ ವಿಭಾಗ ಸೇರಿತು. ತರಬೇತಿ ಕೊಡಲು ಬಂದವರು ಡಿಸ್ನಿಯ ಬಳಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್. ಪಾದ್ರಿಯೊಬ್ಬರ ಮಗನಾಗಿ ಭಾರತದಲ್ಲಿಯೇ ಹುಟ್ಟಿದವರು. ಅವರ ಮಾರ್ಗದರ್ಶನದಲ್ಲಿ 1957ರಲ್ಲಿ ಹೊರಬಂದ 'ದಿ ಬನ್ಯನ್ ಡೀರ್' ಕಥೆಗೆ ಆಧಾರ ಬೇರೆ ಯಾವುದೂ ಅಲ್ಲ, ನ್ಯಗ್ರೋಧಮೃಗ ಜಾತಕ. ಅಜಂತೆಯ ರೇಖೆಯನ್ನು ಅನುಸರಿಸಿ ಬರೆದ ಚಿತ್ರ. ಭೀಮಾ ದಂಡೆಯ ಶಿಲ್ಪಿಗೆ ಒದಗಿದ ಕಥಾಭಂಡಾರವೇ ಎರಡು ಸಾವಿರ ವರ್ಷಗಳ ತರುವಾಯ ಮುಂಬಯಿಯ ಕಾರ್ಟೂನುಗಾರನಿಗೂ ಒದಗಿತು. ಆ ವಿಭಾಗದಲ್ಲಿ ಪಳಗಿದ ರಾಮ್ ಮೋಹನ್ ಅವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರ ವ್ಯಂಗ್ಯಚಿತ್ರಗಳ ಲೋಕವನ್ನು 1972ರಲ್ಲಿ 'ಯೂ ಸೆಡ್ ಇಟ್' ಎಂಬ ಕಿರುಚಿತ್ರವಾಗಿ ಚಲಿಸುವಂತೆ ಮಾಡಿದರು. ಅಲ್ಲಿಯೇ ದುಡಿದು ಹೊರಬಂದ ಭೀಮಸೈನ್ 1970ರಲ್ಲಿ 'ದಿ ಕ್ಲೈಂಬ್' ಎಂಬ ಪುಟ್ಟ ಚಿತ್ರಕ್ಕಾಗಿ ಚಿಕಾಗೋದಿಂದ ಪ್ರಶಸ್ತಿ ತಂದರು.

ಆಗ ಚಿತ್ರಮಂದಿರಗಳು ಮುಖ್ಯ ಸಿನಿಮಾಕ್ಕೆ ಮೊದಲು ಸರಕಾರದ ಕಿರುಚಿತ್ರಗಳನ್ನು ತೋರಿಸಲೇಬೇಕೆಂಬ ನಿಯಮವಿತ್ತು. ಇದರಿಂದ ಈ ಕೃತಿಗಳು ಜಿಲ್ಲಾ ಸ್ಥಳಗಳ ಟಾಕೀಸುಗಳವರೆಗೆ ಬಂದವು. ಬಂದರೇನು? ಆ ಹೊತ್ತು ಬೀಡಿ ಸೇದುವುದಕ್ಕೂ ಕಡಲೆಕಾಯಿ ಕೊಳ್ಳುವುದಕ್ಕೂ ಮೀಸಲು. ಕಡ್ಡಾಯವಾಗಿ ತೋರಿಸಿದ್ದನ್ನು ಜನ ಕಡ್ಡಾಯವಾಗಿ ನೋಡದೆ ಬಿಟ್ಟರು. ಹಾಗಾಗಿ ಒಂದು ಉತ್ತಮ ಕಲಾಶಾಲೆ ನಮ್ಮ ಕಣ್ಣೆದುರಿಗೇ ಇದ್ದು ನಮ್ಮ ನೆನಪಿನಲ್ಲಿ ಉಳಿಯದೆ ಹೋಯಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಫಿಲ್ಮ್ಸ್ ಡಿವಿಜನ್ನನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಡನೆ ಸೇರಿಸಲು ತೀರ್ಮಾನಿಸಿತು. ಕಲಾವಿದರಲ್ಲಿ ಕೆಲವರು ಪ್ರತಿಭಟಿಸಿದರು. ಪ್ರೇಕ್ಷಕರಲ್ಲಿ ಬಹುಪಾಲು ಜನಕ್ಕೆ ಏನು ಹೋಯಿತೆಂದೇ ತಿಳಿಯಲಿಲ್ಲ.

ಈಗ ನಾನು ಮೊದಲಿಗೆ ಸೂಚಿಸಿದ ಹಿರಿಯ ಸ್ಥಾನದ ಮಾತಿಗೆ ಬರುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತವು ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು 'ಸೈಟ್' ಎಂಬ ದೂರದರ್ಶನ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿಕೊಂಡರು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ವಿಜಾಪುರ, ರಾಯಚೂರು, ಗುಲ್ಬರ್ಗ. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಆಗ ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಎಂದರೆ, 'ಹಿಂದುಳಿದ' ಎಂಬ ವಿಶೇಷಣವಿಲ್ಲದೆ ನಾವು ಹೆಸರಿಸಲಾರದ ಆ ಜಿಲ್ಲೆಯ ಹಳ್ಳಿಗಳು ರಾಜಧಾನಿಗಿಂತ ಆರು ವರ್ಷ ಮುಂಚೆ ಟೆಲಿವಿಷನ್ ನೋಡಿದವು!

ತಂತಿಬಲೆಯಿಂದ ಮಾಡಿದ ಹತ್ತಡಿಯ ಬಟ್ಟಲೊಂದು ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡದ ಬಳಿ ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳೊಡನೆ ಹೈದರಾಬಾದಿನಲ್ಲಿ ಸಿದ್ಧವಾಗುತ್ತಿದ್ದವು. ಉಪಗ್ರಹದಲ್ಲಿ ದೃಶ್ಯಕ್ಕೆ ಒಂದೇ ದಾರಿ, ಧ್ವನಿಗೆ ಎರಡು ದಾರಿ. ಒಂದೇ ಚಿತ್ರವನ್ನು ಎರಡು ಭಾಷೆಗಳ ಮಾತಿನೊಡನೆ ಕಳುಹಿಸಬಹುದಾಗಿತ್ತು. ಎರಡು ನುಡಿಗಳಿಗೂ ಒಪ್ಪುವ ಚಿತ್ರವೆಂದರೆ ತಾನಾಗಿಯೇ ಅರ್ಥವಾಗುವ ಚಿತ್ರವಾಗಿರಬೇಕಲ್ಲವೆ? ಗೊಂಬೆಯೂ ಬರೆದ ಚಿತ್ರವೂ ಚಲಿಸುವ ನಕ್ಷೆಯೂ ಇಂಥ ಹೊತ್ತಿನಲ್ಲಿ ಮಾತಿಗಿಂತ ಬಲವಾಗುತ್ತವೆ.

ಮಕ್ಕಳ ಶಾಲಾ ಕಾರ್ಯಕ್ರಮಗಳಿಗಾಗಿ ಚಿತ್ರಗಳನ್ನು ತಯಾರಿಸಿದವರಲ್ಲಿ ವಿಜಯಾ ಮುಳೆ ಮುಖ್ಯರು. ದಿಲ್ಲಿಯ ಶಿಕ್ಷಣ ತಂತ್ರಜ್ಞಾನ ಕೇಂದ್ರದ ಹೊಣೆ ಹೊತ್ತಿದ್ದ ಅವರು ಅದಕ್ಕೆ ಸ್ವಲ್ಪ ಮೊದಲು, 1974ರಲ್ಲಿ, 'ಏಕ್ ಅನೇಕ್ ಔರ್ ಏಕತಾ' ಎಂಬ ಕಿರುಚಿತ್ರವನ್ನು ನಿರ್ದೇಶಿಸಿದ್ದರು. ಅದರ ಚಿತ್ರಗಳನ್ನು ಚಲಿಸುವಂತೆ ಮಾಡಿದವರು ಅದೇ ಭೀಮಸೈನ್. ಹಕ್ಕಿಗಳು ಬೇಟೆಗಾರನ ಬಲೆಯನ್ನೇ ಎತ್ತಿಕೊಂಡು ಹಾರಿಹೋದ ಹಳೆಯ ಕಥೆಯನ್ನು ಅಕ್ಕ ತಮ್ಮ ತಂಗಿಯರಿಗೆ ಹೇಳುವ ಏಳು ನಿಮಿಷದ ಆ ಚಿತ್ರವನ್ನು ದೂರದರ್ಶನದ ಮುಂದೆ ಬೆಳೆದ ಒಂದು ತಲೆಮಾರೇ ಬಾಯಿಪಾಠ ಮಾಡಿಕೊಂಡಿದೆ. ಹಾಡು ನೆನಪಿದೆ, ಹಕ್ಕಿ ನೆನಪಿದೆ. ವಿಜಯಾ ಮುಳೆ 2019ರಲ್ಲಿ ತೀರಿಕೊಂಡಾಗ ಆ ಹೆಸರನ್ನು ಮೊದಲ ಸಲ ಕೇಳಿದವರು ಎಷ್ಟು ಮಂದಿಯೋ!

ವರ್ಷ ಮುಗಿಯಿತು; ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಕರೆಸಿಕೊಂಡಿತು. ಬಟ್ಟಲುಗಳು ಬರಿಯ ಆಕಾಶವನ್ನು ನೋಡುತ್ತ ನಿಂತವು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಸ್ಥಾಪನೆಯಾದ ಮೇಲೆ, ಕೇಂದ್ರದ ಅಲೆ ತಲುಪಿದ ಕಡೆಗಳಲ್ಲಿ ಮಾತ್ರ ಪೆಟ್ಟಿಗೆಗಳು ಮತ್ತೆ ಮಾತಾಡಿದವು. ಪ್ರಯೋಗದ ಯಶಸ್ಸನ್ನು ಅಳೆದವರು ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಲೆಕ್ಕದಲ್ಲಿ ಅಳೆದರು. ಅದು ಸರಿಯೇ. ಆದರೆ ಚಿತ್ರವನ್ನು ಓದುವ ಕಣ್ಣು ಎಷ್ಟು ಬೆಳೆಯಿತು, ಅದನ್ನು ಮುಂದೆ ಬೆಳೆಸಲು ಏನು ಮಾಡಬೇಕು ಎಂಬುದು ನಮ್ಮ ಚರ್ಚೆಯಲ್ಲಿ ದೊಡ್ಡದಾಗಿ ಬರಲೇ ಇಲ್ಲ.

ಆನಿಮೇಷನ್ನಿನ ತಂಗಿಯಂತಿರುವ 'ಮೋಷನ್ ಗ್ರಾಫಿಕ್ಸ್' ಬಗ್ಗೆಯೂ ಎರಡು ಮಾತು ಹೇಳಬೇಕು. ಪಾತ್ರವಿಲ್ಲ, ಕಥೆಯಿಲ್ಲ, ಅಕ್ಷರ, ಗೆರೆ, ವೃತ್ತ, ಬಣ್ಣಗಳೇ ಚಲಿಸಿ ಅರ್ಥ ಹುಟ್ಟಿಸುವ ಕಲೆ ಇದು. ಅಮೆರಿಕದಲ್ಲಿ ಸಾಲ್ ಬ್ಯಾಸ್ 1955ರಲ್ಲಿ ಸಿನಿಮಾದ ಶೀರ್ಷಿಕೆಯೊಂದಕ್ಕೆ ಕಾಗದದ ತುಂಡುಗಳಂಥ ಬಿಳಿಯ ಪಟ್ಟಿಗಳನ್ನು ಸರಿದಾಡಿಸಿ ಹೊಸ ದಾರಿ ತೋರಿಸಿದ. ಜಾನ್ ವಿಟ್ನಿ 1960ರಲ್ಲಿ ಆ ಹೆಸರಿನ ಸಂಸ್ಥೆಯನ್ನೇ ತೆರೆದ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 1970ರ ದಶಕದಿಂದ ಮನೆಮನೆಯಲ್ಲಿ ಕಂಡ ದೂರದರ್ಶನದ ಲಾಂಛನವನ್ನು ನೆನೆಯಿರಿ. ಎರಡು ಬಾಗಿದ ರೂಪಗಳು ಸುತ್ತುತ್ತ ಸುತ್ತುತ್ತ ಬಂದು ಒಂದು ಗೋಲವನ್ನು ಅಪ್ಪಿಕೊಂಡು ಕಣ್ಣಾಗಿ ನಿಲ್ಲುತ್ತಿದ್ದವು. ಅದನ್ನು ರೂಪಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ. ಶಹಾಪುರದ ಬೆಟ್ಟಗಳಂತೆಯೇ ಆ ತುಂಡುಗಳೂ ಕೂಡುವ ಕ್ಷಣದಲ್ಲಿಯೇ ಅದರ ಸೊಗಸೆಲ್ಲ ಇದ್ದದ್ದು.

ಇನ್ನು ಈ ಹೊತ್ತಿನ ಸ್ಥಿತಿ. ನಮ್ಮ ರಾಜ್ಯ ಆನಿಮೇಷನ್ ಉದ್ಯಮಕ್ಕಾಗಿ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತು. 2024ರಲ್ಲಿ ಹೊಸ ನೀತಿ ಬಂತು. ಉದ್ಯೋಗ, ಬಂಡವಾಳ, ತರಬೇತಿಗಳ ಮಾತು ಅವುಗಳಲ್ಲಿದೆ, ಇರಬೇಕಾದದ್ದೇ. ಬೆಂಗಳೂರಿನ ರವಿಶಂಕರ್ ಅವರು ನಮ್ಮ ಗೋವಿನ ಹಾಡಿನ ಕಥೆಯನ್ನು 'ಪುಣ್ಯಕೋಟಿ' ಎಂಬ ಸಂಸ್ಕೃತ ಆನಿಮೇಷನ್ ಚಿತ್ರವಾಗಿ, ಜನರಿಂದ ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿ, 2020ರಲ್ಲಿ ಹೊರತಂದರು. ಮಾಡುವವರಿಲ್ಲವೆಂದು ಹೇಳುವಂತಿಲ್ಲ. ಮೊಬೈಲಿನಲ್ಲಿ ದಿನವೂ ನೂರಾರು ಕಿರುಚಿತ್ರಗಳು ಹರಿದುಬರುತ್ತವೆ. ಆದರೆ ಹೆಬ್ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಯಾರೋ ತಿಂಗಳುಗಟ್ಟಲೆ ಕುಳಿತು ಕಟ್ಟಿದ ನಿಮಿಷಕ್ಕೆ ನಾವು ಎರಡು ಸೆಕೆಂಡು ಕೊಡುತ್ತೇವೆ. ಇದೀಗ ನಾಲ್ಕು ಮಾತು ಬರೆದುಕೊಟ್ಟರೆ ಯಂತ್ರವೇ ಚಲಿಸುವ ಚಿತ್ರ ಮಾಡಿಕೊಡುವ ಕಾಲವೂ ಬಂದಿದೆ. ಕೈ ಯಾವುದು, ಯಂತ್ರ ಯಾವುದು, ಆರಿಸಿಕೊಂಡ ನಿಶ್ಚಲತೆ ಯಾವುದು, ಸೋಮಾರಿತನದ ನಿಶ್ಚಲತೆ ಯಾವುದು ಎಂದು ಹೇಳಬಲ್ಲ ಕಣ್ಣು ಈಗ ಬೇಕಾದಷ್ಟು ಎಂದೂ ಬೇಕಾಗಿರಲಿಲ್ಲ.

ಆ ಕಣ್ಣನ್ನು ಬೆಳೆಸಿಕೊಳ್ಳುವುದು ಕಷ್ಟವೇನಲ್ಲ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಮನಸ್ಸಿಗೆ ಹಿಡಿಸಿದ ಕಿರುಚಿತ್ರವನ್ನು ಮೂರು ಸಲ ನೋಡುತ್ತೇನೆ. ಮೊದಲ ಸಲ ಕಥೆಗಾಗಿ. ಎರಡನೆಯ ಸಲ ಧ್ವನಿಯನ್ನು ನಿಲ್ಲಿಸಿ. ಸಂಗೀತ ಹೋದ ಮೇಲೆಯೂ ಚಿತ್ರ ನಿಂತರೆ ಅದರ ಬೆನ್ನೆಲುಬು ಗಟ್ಟಿ. ಮೂರನೆಯ ಸಲ ಒಂದೇ ಒಂದು ವಸ್ತುವನ್ನು ಹಿಂಬಾಲಿಸಿ: ಒಂದು ಕೈ, ಒಂದು ಎಲೆ, ಒಂದು ಅಕ್ಷರ. ಅದು ಹೊರಡುವಾಗ ತಡೆದು ಹೊರಟಿತೆ, ನಿಲ್ಲುವಾಗ ತೂಗಿ ನಿಂತಿತೆ, ಅದಕ್ಕೆ ಭಾರವಿದೆಯೆ, ಅದು ಯಾವಾಗ ಸುಮ್ಮನಿತ್ತು? ಕೆನಡಾದ ನಾರ್ಮನ್ ಮ್ಯಾಕ್‌ಲಾರೆನ್ ಬೋಧಿಸಿದ್ದೂ ಹೆಚ್ಚುಕಡಮೆ ಇದನ್ನೇ: ಒಂದು ಚೌಕಟ್ಟಿನ ಮೇಲೆ ಏನಿದೆಯೆಂಬುದಕ್ಕಿಂತ ಎರಡು ಚೌಕಟ್ಟುಗಳ ನಡುವೆ ಏನಾಗುತ್ತದೆಂಬುದೇ ಈ ಕಲೆಯ ಸಾರ. ಮೂರು ಸಲ ನೋಡಲು ಮೂರು ನಿಮಿಷ ಸಾಕು. ನಾಲ್ಕನೆಯ ನಿಮಿಷದಲ್ಲಿ ಕೊನೆಯ ಹೆಸರುಗಳನ್ನು ಓದಬಹುದು.

ನಮ್ಮ ಶಾಲೆಗಳಲ್ಲಿ ಪದ್ಯದ ಭಾವಾರ್ಥ ಬರೆಸುತ್ತೇವೆ. ವಾರಕ್ಕೊಮ್ಮೆ ಒಂದು ನಿಮಿಷದ ಚಿತ್ರವನ್ನು ಮೂರು ಸಲ ತೋರಿಸಿ, "ನಡುವೆ ಏನಾಯಿತು?" ಎಂದು ಮಕ್ಕಳನ್ನು ಕೇಳಿದರೆ ಖರ್ಚೇನೂ ಇಲ್ಲ. ಸುರಪುರ, ಶಹಾಪುರ, ಯಾದಗಿರಿಗಳ ಶಾಲೆಗಳಿಂದಲೇ ಇದನ್ನು ಮೊದಲುಮಾಡಬಹುದು. ಟೆಲಿವಿಷನ್ ನೋಡುವುದರಲ್ಲಿ ಮೊದಲಿಗರಾದವರು ಇದರಲ್ಲಿಯೂ ಮೊದಲಿಗರಾಗಲಿ. ಸುರಪುರದ ಚಿತ್ರಕಾರನಿಗೆ ಆಶ್ರಯವಾಗಿ ಅರಸನಿದ್ದ. ಕಾರ್ಟೂನುಗಾರನಿಗೆ ಕೆಲವು ಕಾಲ ಸರಕಾರವಿತ್ತು. ಇಂದು ಒಂದು ನಿಮಿಷದ ಚಿತ್ರ ಬರೆಯುವವನಿಗೆ ಇರುವ ಆಶ್ರಯ ನೋಡ ಬಲ್ಲ ನಾಲ್ಕು ಜನ, ಹೆಸರು ಕೇಳಿ ತಿಳಿದುಕೊಳ್ಳುವ ನಾಲ್ಕು ಜನ. ಅಷ್ಟನ್ನಾದರೂ ನಾವು ಕೊಡಲಾರೆವೆ?